ಮೆಟ್ಟಿಲ ತಿರುವಿನಲ್ಲಿ ಬಾಜಿಚುವಾನ್

16 ನವೆಂಬರ್ 2024, ಶನಿವಾರ ರಾತ್ರಿ
ಗುವಾಂಗ್‌ಝೌ

ಎಡ ಮುಂಗೈ ಇನ್ನೂ ಚುರುಗುಟ್ಟುತ್ತಿದೆ. ನೋವು ಆರುವ ಮುಂಚೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಮೆಟ್ರೊ ಹಿಡಿದು ಫೋಶಾನ್‌ಗೆ ಹೋಗಿದ್ದೆ. ಅಲ್ಲಿನ ಝುಮಿಯಾವೊ ದೇವಸ್ಥಾನದ ಆವರಣದಲ್ಲಿ ವಾಂಗ್ ಫೀ ಹುಂಗ್ ಅವರ ಸ್ಮಾರಕವಿದೆ, ಇಪ್ ಮ್ಯಾನ್ ಅವರದ್ದೂ ಇದೆ. ಇಬ್ಬರೂ ಕುಂಗ್ ಫೂ ಗುರುಗಳು. ಮೊದಲನೆಯವರ ಶೈಲಿ ಹುಂಗ್ ಗಾರ್, ಎರಡನೆಯವರದು ವಿಂಗ್ ಚುನ್. ಎರಡೂ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಸೀಮೆಯವೇ, ಆದರೆ ನಿಲ್ಲುವ ರೀತಿ ಬೇರೆ. ಹುಂಗ್ ಗಾರ್‌ನವರು ಕುದುರೆ ಮೇಲೆ ಕೂತ ಹಾಗೆ ಕಾಲಗಲಿಸಿ ತಗ್ಗಿ ನಿಲ್ಲುತ್ತಾರೆ. ವಿಂಗ್ ಚುನ್‌ನವರು ನೆಟ್ಟಗೆ ನಿಂತು ಎದೆಯ ನಡುಗೆರೆಯಿಂದಲೇ ಗುದ್ದುತ್ತಾರೆ.

ನಾನು ವಿಂಗ್ ಚುನ್ ಕಲಿಯಲು ಶುರು ಮಾಡಿ ಒಂದೂವರೆ ವರ್ಷ. ಊರಲ್ಲಿದ್ದಾಗ ಒಂದು ರಾತ್ರಿ ಯಾರೋ ಹಿಂದಿನಿಂದ ನನ್ನ ಬ್ಯಾಗ್ ಹಿಡಿದು ಜಗ್ಗಿದರು. ಕಿರುಚಲೂ ಆಗಲಿಲ್ಲ. ಎರಡೂ ಕೈ ಕೊರಡಿನ ಹಾಗೆ ಆಗಿಬಿಟ್ಟಿದ್ದವು. ಆ ಕೈಗಳನ್ನು ನಾನು ಇನ್ನೂ ಮರೆತಿಲ್ಲ.

ಇಲ್ಲಿ ಒಂದು ಹಳೇ ಮಾತಿದೆ: ದಕ್ಷಿಣಕ್ಕೆ ಮುಷ್ಟಿ, ಉತ್ತರಕ್ಕೆ ಕಾಲು. ಉತ್ತರದ ಚಾಂಗ್‌ಚುವಾನ್ ಶೈಲಿ ನೋಡಿದರೆ ಹೌದು ಅನಿಸುತ್ತದೆ. ಉದ್ದುದ್ದ ಹೆಜ್ಜೆ, ಎತ್ತರದ ಒದೆತ, ನೆಗೆತ. ಹಾಗಾಗಿ ಇಕ್ಕಟ್ಟಿನ ಜಾಗಕ್ಕೆ ದಕ್ಷಿಣದ ವಿದ್ಯೆಯೇ ಸರಿ ಅಂತ ನಾನೂ ನಂಬಿದ್ದೆ.

ಸಂಜೆ ಪಕ್ಕದ ಮನೆಯ ಗೆಳತಿಗೆ ಅದನ್ನೇ ಹೇಳಿದೆ. ಅವಳು ಉತ್ತರದ ಹೆಬೈ ಪ್ರಾಂತ್ಯದ ತ್ಸಾಂಗ್‌ಝೌ ಕಡೆಯವಳು. ಬಾಜಿಚುವಾನ್ ಅನ್ನುವ ಉತ್ತರದ ಕುಂಗ್ ಫೂ ಶೈಲಿಗೆ ಹೆಸರಾದ ಮೆಂಗ್‌ತ್ಸುನ್ ಇರುವುದು ಅಲ್ಲೇ. ಈಟಿಗೆ ಹೆಸರು ಮಾಡಿದ ಬಾಜಿಚುವಾನ್ ಗುರು ಲಿ ಶುವೆನ್ ಕೂಡ ಆ ಕಡೆಯವರೇ. "ಬಾ, ಮೆಟ್ಟಿಲ ಹತ್ತಿರ ತೋರಿಸುತ್ತೇನೆ" ಅಂದಳು.

ನಮ್ಮ ಮೆಟ್ಟಿಲ ತಿರುವಿನಲ್ಲಿ ಇಬ್ಬರು ನಿಂತರೆ ಗೋಡೆ ಭುಜಕ್ಕೆ ತಾಗುತ್ತದೆ. ನಾನು ಗುದ್ದಲು ಕೈ ಚಾಚಿದೆ. ಅವಳು ಹಿಂದೆ ಸರಿಯಲೇ ಇಲ್ಲ. ಪಾದವನ್ನು ದಪ್ಪನೆ ನೆಲಕ್ಕೆ ಕುಟ್ಟಿ, ನನ್ನ ಎರಡು ಕಾಲಿನ ನಡುವೆಯೇ ಹೆಜ್ಜೆ ಇಟ್ಟಳು. ಮೊಣಕೈ ನನ್ನ ಪಕ್ಕೆಗೆ ಎರಡು ಬೆರಳು ದೂರದಲ್ಲಿ ಬಂದು ನಿಂತಿತು. ನನ್ನ ಮುಂಗೈ ತಾನಾಗೇ ಅದಕ್ಕೆ ಅಡ್ಡ ಹೋಗಿತ್ತು. ಈ ನೋವು ಅದರದ್ದೇ. ಉತ್ತರದ ವಿದ್ಯೆ, ಆದರೆ ಒಂದು ಮೊಳ ಜಾಗವೂ ಬೇಕಾಗಲಿಲ್ಲ!

ಮುಂಗೈ ಅಡ್ಡ ಹೋಗಿದ್ದು ನನಗೆ ಖುಷಿ ಕೊಟ್ಟಿತು. ಅದು ವಿಂಗ್ ಚುನ್‌ನ ಚಿ ಸಾವ್ ಅಭ್ಯಾಸದ ಫಲ. ಇಬ್ಬರು ಎದುರುಬದುರು ನಿಂತು ಮುಂಗೈಗಳನ್ನು ಅಂಟಿಸಿಕೊಂಡು ತಿರುಗಿಸುತ್ತಾ ಇರುವುದು. ಎದುರಿನವರ ಒತ್ತಡ ಎಲ್ಲಿ ಸಡಿಲವಾಯಿತು ಅನ್ನುವುದು ಕಣ್ಣಿಗಿಂತ ಮೊದಲು ಚರ್ಮಕ್ಕೆ ತಿಳಿಯುತ್ತದೆ.

ಆಮೇಲೆ ಅವಳು ಏನೂ ಹೇಳದೆ ಹಿಂದೆ ಹೋಗಿ ನನ್ನ ಬ್ಯಾಗ್ ಜಗ್ಗಿದಳು. ದೊಪ್ಪನೆ ಕೂತುಬಿಟ್ಟೆ. ಚಿ ಸಾವ್ ಶುರುವಾಗುವುದು ಕೈಗೆ ಕೈ ತಾಗಿದ ಮೇಲೆ, ಅಲ್ವಾ? ಹಿಂದಿನಿಂದ ಎಳೆದರೆ ಅದು ಎಲ್ಲಿಂದ ಶುರುವಾಗಬೇಕು?

"ನಿನಗೆ ಮೊದಲು ಬೇಕಾಗಿರುವುದು ಶುವಾಯ್ ಜಿಯಾವೊ" ಅಂದಳು. ಬೀಜಿಂಗ್, ತಿಯಾನ್‌ಜಿನ್, ಬಾವೊಡಿಂಗ್ ಕಡೆಯ ಕುಸ್ತಿ ಅದು. ದಪ್ಪ ಬಟ್ಟೆಯ ಗಿಡ್ಡ ಅಂಗಿ ಹಾಕಿಕೊಂಡು, ಎದುರಿನವರ ಅಂಗಿ ಹಿಡಿದು ಕೆಡವುತ್ತಾರೆ. ಬಿದ್ದು ಏಳುವುದನ್ನೂ ಅಲ್ಲೇ ಕಲಿಯುತ್ತಾರೆ. ಅವಳ ಮಾತು ನನಗೆ ಸರಿ ಅನಿಸಿತು. ಅವತ್ತು ರಾತ್ರಿ ನನ್ನನ್ನು ಯಾರೂ ಗುದ್ದಿರಲಿಲ್ಲ, ಹಿಡಿದು ಎಳೆದಿದ್ದರು. ಎಳೆದಾಗ ಕಾಲು ನಿಂತರೆ ತಾನೇ ಓಡುವುದು?

ವಿಂಗ್ ಚುನ್ ಬಿಡುವುದಿಲ್ಲ. ಆದರೆ ನಾಳೆ ಬೆಳಿಗ್ಗೆ ಆರಕ್ಕೆ ಪಾರ್ಕಿನ ಹುಲ್ಲಿನ ಮೇಲೆ ಬೀಳುವ ಪಾಠ. ಅದೇ ಬ್ಯಾಗ್ ಹಾಕಿಕೊಂಡು ಬಾ ಅಂದಿದ್ದಾಳೆ.