ಭೂಮಿ ಹುಣ್ಣಿಮೆಗೆ ಶರಾವತಿ ಹಿನ್ನೀರಿನ ದಡಕ್ಕೆ

ಸಾಗರದಿಂದ ಆವಿನಹಳ್ಳಿ ದಾಟಿ ಅಂಬಾರಗೋಡ್ಲು ಕಡೆ ಹೋಗುವ ರಸ್ತೆಯಲ್ಲಿ ಈಗ ಗಾಡಿಗಳು ಜಾಸ್ತಿ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆ ಆಯಿತು, ಆಚೆ ದಡದ ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವವರು ಲಾಂಚಿಗಾಗಿ ಕಾಯುತ್ತಾ ಕೂರುವ ಕಾಲ ಮುಗಿಯಿತು. ನಾವು ಹೋಗಿದ್ದು ಅದೇ ವರ್ಷದ ಭೂಮಿ ಹುಣ್ಣಿಮೆ ದಿನ. ಅಮ್ಮ, ಚಿಕ್ಕಮ್ಮ, ನಾನು, ನನ್ನ ಮಗಳು. ಚೌಡೇಶ್ವರಿ ದರ್ಶನವನ್ನೂ ಮಾಡಿದೆವು, ಆದರೆ ಮನೆಯಿಂದ ಹೊರಟಿದ್ದು ಅಜ್ಜಿಗಾಗಿ. ಅಜ್ಜಿ ಹೋದ ಮೇಲೆ ಬಂದ ಮೊದಲ ಭೂಮಿ ಹುಣ್ಣಿಮೆ ಅದು.

ಅಜ್ಜಿಯ ಊರು ಈ ನೀರಿನ ಅಡಿಯಲ್ಲಿದೆ. ಒಂದಲ್ಲ, ಎರಡು ಊರು. ತವರು ಮುಳುಗಿದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಾಲಕ್ಕೆ. 1948ರಲ್ಲಿ ಜೋಗದಲ್ಲಿ ಕರೆಂಟು ತೆಗೆಯಲು ಶುರು ಮಾಡಿದರಲ್ಲ, ಅದಕ್ಕೆ ಶರಾವತಿಯನ್ನು ಕಟ್ಟಿ ನಿಲ್ಲಿಸಿದ್ದು ಅಲ್ಲೇ. ಅಜ್ಜಿ ಆಗ ಇನ್ನೂ ಪುಟ್ಟ ಹುಡುಗಿ. ಮುಂದೆ ಮದುವೆಯಾಗಿ ಬಂದ ಊರು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೋಯಿತು. ಆ ನೀರು ಎಷ್ಟು ಮೇಲೆ ಬಂತು ಅಂದರೆ ಹಳೆಯ ಮಡೆನೂರು ಅಣೆಕಟ್ಟೇ ಅದರೊಳಗೆ ಮುಳುಗಿಬಿಟ್ಟಿತು. ಅಮ್ಮ ತೊಟ್ಟಿಲ ಕೂಸು. ಲಾರಿ ಮೇಲೆ ಒನಕೆ, ಬೀಸುವ ಕಲ್ಲು, ಬಾಗಿಲು ದಾರಂದ, ಭತ್ತದ ಮೂಟೆ ಹೇರಿಕೊಂಡು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಶಿವಮೊಗ್ಗ ಕಡೆಯ ಕಾಡಿನ ಅಂಚಿಗೆ ಬಂದು ಇಳಿದವರು ಇವರು. ಅಲ್ಲಿ ಮನೆ ಇಲ್ಲ, ಬಾವಿ ಇಲ್ಲ, ಗದ್ದೆ ಅಂತೂ ಇಲ್ಲವೇ ಇಲ್ಲ. ಮರದ ಬೊಡ್ಡೆ ಕಿತ್ತು ಗದ್ದೆ ಮಾಡಿಕೊಂಡರು. ಹಾಗೆ ಮಾಡಿಕೊಂಡ ನೆಲಕ್ಕೆ ಹಕ್ಕುಪತ್ರ ಸಿಗದೆ ಇವತ್ತಿಗೂ ಓಡಾಡುತ್ತಿರುವ ಮುಳುಗಡೆ ಕುಟುಂಬಗಳಿವೆ. ನಾಡಿಗೆಲ್ಲ ಬೆಳಕು ಕೊಟ್ಟವರು ಅಂತ ಭಾಷಣದಲ್ಲಿ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಆದರೆ ಹೊಸ ಗದ್ದೆಗೂ ಅಜ್ಜಿ ಒಂದು ವರ್ಷವೂ ಬಯಕೆ ತಪ್ಪಿಸಲಿಲ್ಲ. ಭೂಮಿ ಹುಣ್ಣಿಮೆ ಅಂದರೆ ಬಸುರಿ ಭೂಮಿಗೆ ಬಯಕೆ ಊಟ ಹಾಕುವ ಹಬ್ಬ, ಮಲೆನಾಡಿನ ಮನೆಗಳಲ್ಲಿ ಗೊತ್ತಿರುವುದೇ. ಭತ್ತ ಹೊಡೆಗೆ ಬಂದ ಹೊತ್ತು, ಅಂದರೆ ತೆನೆ ಇನ್ನೂ ಗಿಡದ ಒಳಗೇ ಇರುವಾಗ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಇದಕ್ಕೆ ಅಂತಲೇ ಎರಡು ಬುಟ್ಟಿ, ದೊಡ್ಡದೊಂದು, ಚಿಕ್ಕದೊಂದು. ಭೂಮಣ್ಣಿ ಬುಟ್ಟಿ ಅನ್ನುತ್ತೇವೆ. ಮಹಾನವಮಿ ಹೊತ್ತಿಗೆ ಅದಕ್ಕೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುವುದು.

ಅಜ್ಜಿ ಬರೆಯುವುದನ್ನು ನೋಡಬೇಕಿತ್ತು ನೀವು. ಪುಂಡಿ ನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕಚ್ಚಿ ಮೆತ್ತಗೆ ಮಾಡುತ್ತಿದ್ದಳು, ಅದೇ ಬ್ರಶ್ಶು. ಅಕ್ಕಿ ನೆನೆಸಿ ಅರೆದ ಬಿಳಿ ಒಂದು ಗೆರಟೆಯಲ್ಲಿ. ಬುಟ್ಟಿಯನ್ನು ಮಂಡಿಗಳ ಮಧ್ಯೆ ಹಿಡಿದು, ಎಡಗೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಗೆರೆ ಮುಗಿಯುವ ತನಕ ಉಸಿರು ಬಿಡುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಒಂದು ನಿಟ್ಟುಸಿರು, ಮತ್ತೆ ಅದ್ದುವುದು. ಭತ್ತದ ಸಸಿ, ಏಣಿ, ಸಾಲಾಗಿ ನಿಂತ ಗೊಂಬೆಗಳು. ಉಗುರಿನ ಸಂದಿಯ ಕೆಮ್ಮಣ್ಣು ಹಬ್ಬ ಮುಗಿದು ವಾರವಾದರೂ ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ನಮಗೆ ತುತ್ತು ಕಲೆಸಿ ಹಾಕುತ್ತಿದ್ದಳು. ಈ ಸಲ ಬುಟ್ಟಿ ಬರೆದಿದ್ದು ಚಿಕ್ಕಮ್ಮ. ಗೊಂಬೆಗಳ ಸಾಲು ಬರುವಾಗ ಅಮ್ಮ ಪಕ್ಕದಲ್ಲಿ ಕೂತು "ಅವ್ವ ಇನ್ನೂ ಒತ್ತಾಗಿ ಬರೀತಿದ್ಲು" ಅಂತ ಹೇಳುತ್ತಲೇ ಇದ್ದಳು.

ಹಿಂದಿನ ರಾತ್ರಿ ಯಾರೂ ಮಲಗಲಿಲ್ಲ. ಬಗೆಬಗೆಯ ಸೊಪ್ಪು, ಕುಡಿ, ಹಿತ್ತಲ ತರಕಾರಿ ಎಲ್ಲ ಹಾಕಿ ಹಚ್ಚಂಬಲಿ ಬೇಯಿಸಿ, ಕಡುಬು ಮಾಡಿ, ಬೆಳಗಿನ ಜಾವ ಮಾವ ದೊಡ್ಡ ಬುಟ್ಟಿ ಹೊತ್ತು ನಮ್ಮ ಗದ್ದೆಯ ಸುತ್ತ ಕೂಗುತ್ತಾ ಚರಗ, ಅಂದರೆ ಭೂಮಿಗೆ ಅರ್ಪಿಸುವ ಆ ಅಡುಗೆ, ಚೆಲ್ಲಿ ಬಂದ. ಕಾಗೆಗೆ, ಇಲಿಗೆ ಎಡೆ ಇಟ್ಟಿದ್ದಾಯಿತು. ಚಿಕ್ಕ ಬುಟ್ಟಿಯಲ್ಲಿ ಸ್ವಲ್ಪ ಎತ್ತಿಟ್ಟುಕೊಂಡು ನಾವು ಹೊರಟೆವು.

ಹಿಂದೆ ಲಾಂಚಿನಲ್ಲಿ ಹೋಗುವಾಗ ಅಜ್ಜಿ ಒಳಗೆ ಕೂರುತ್ತಿರಲಿಲ್ಲ. ಬಸ್ಸು, ಕಾರುಗಳ ಸಂದಿಯಲ್ಲಿ ತೂರಿಕೊಂಡು ಕಂಬಿ ಹಿಡಿದು ನಿಂತು, ಬೆರಳು ತೋರಿಸಿ ಹೇಳುತ್ತಿದ್ದಳು: ಇಲ್ಲಿ ನಮ್ಮ ಕಣ, ಅತ್ಲಾಗೆ ಬಸರಿ ಮರ, ಆ ಗುಡ್ಡದ ಬುಡಕ್ಕೆ ಕೊಟ್ಟಿಗೆ. ಸುತ್ತ ಬರೀ ನೀರು! ಅವಳಿಗೆ ಮಾತ್ರ ದಾರಿ ತಪ್ಪುತ್ತಿರಲಿಲ್ಲ. ಈಗ ಸೇತುವೆ ಮೇಲೆ ಎರಡು ಕಿಲೋಮೀಟರಿಗೂ ಜಾಸ್ತಿ ದೂರ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ಯಾವ ಗುಡ್ಡ ಯಾವುದು ಅಂತ ಅಮ್ಮನಿಗೆ ಗುರುತು ಹತ್ತುವುದರೊಳಗೆ ಆ ದಡ. ಹಾಗಂತ ಸೇತುವೆ ಬೇಡವಾಗಿತ್ತು ಅಂತ ನಾನು ಖಂಡಿತ ಹೇಳಲ್ಲ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದವರು, ಎದೆನೋವು ಬಂದವರು ಆ ದಡದಲ್ಲಿ ಏನು ಮಾಡಬೇಕಿತ್ತು? ಊರು ಮುಳುಗಿಸಿ ಅರವತ್ತೊಂದು ವರ್ಷಕ್ಕೆ ದಾರಿ ಕೊಟ್ಟರು. ತುಂಬಾ ತಡವಾಯಿತು, ಅಷ್ಟೇ.

ಸೇತುವೆ ದಾಟಿದ ಮೇಲೆ, ಆಚೆ ದಡದ ತುಮರಿ ಊರಿನ ಕಡೆ ಒಂದು ಜಾಗದಲ್ಲಿ ರಸ್ತೆ ಬಿಟ್ಟು ದಡಕ್ಕೆ ಇಳಿದೆವು. ಮಳೆ ಚೆನ್ನಾಗಿ ಆಗಿ ನೀರು ತುಂಬಿತ್ತು. ಅಮ್ಮ ಚಪ್ಪಲಿ ಬಿಟ್ಟು, ಸೀರೆ ಸ್ವಲ್ಪ ಎತ್ತಿ ಕಟ್ಟಿ, ಮೊಣಕಾಲವರೆಗೆ ನೀರಿಗೆ ಇಳಿದು ಹಚ್ಚಂಬಲಿಯನ್ನು ಬೊಗಸೆಯಲ್ಲಿ ತೆಗೆದು ಚೆಲ್ಲಿದಳು. ಕೂಗಬೇಕಲ್ಲ, ದನಿ ಬರಲಿಲ್ಲ. ಆಗ ನನ್ನ ಮಗಳು "ಹೂಯ್" ಅಂತ ಜೋರಾಗಿ ಕೂಗಿದಳು, ಬೆಳಿಗ್ಗೆ ಮಾವ ಕೂಗಿದ್ದನ್ನು ಕೇಳಿದ್ದಳಲ್ಲ. ಚಿಕ್ಕಮ್ಮನೂ ಕೂಗಿದಳು. ಆಮೇಲೆ ಎಲ್ಲರೂ ಅಲ್ಲೇ ಕೂತು ಕಡುಬು ತಿಂದೆವು. ಭೂಮಿ ಹುಣ್ಣಿಮೆ ದಿನ ಗದ್ದೆಯಲ್ಲೇ ಊಟ ಮಾಡಬೇಕು ಅಂತ ಅಜ್ಜಿಯ ಕಟ್ಟುನಿಟ್ಟು, ನೀರಲ್ಲಿ ಮುಳುಗಿದ ಅವಳ ಗದ್ದೆಗೆ ಹತ್ತಿರ ಹೋಗಲು ಆಗಿದ್ದು ಅಷ್ಟೇ.

ವಾಪಸ್ ಬರುವಾಗ ತುಮರಿಯಲ್ಲಿ ಟೀ ಕುಡಿಯಲು ನಿಂತಾಗ ಹಿರಿಯರೊಬ್ಬರು ಬುಟ್ಟಿ ನೋಡಿ ಮಾತಿಗೆ ಬಂದರು. ಅಜ್ಜಿಯ ತವರಿನ ಹೆಸರು ಹೇಳಿದ ತಕ್ಷಣ ಅವರಿಗೆ ಗೊತ್ತಾಯಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆ ಕೊನೆಗೆ ನೀರು ಇಳಿದರೆ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಸುತ್ತ ಹಳೇ ಮರಗಳ ಬೊಡ್ಡೆಗಳು ಇನ್ನೂ ಇವೆ ಅಂದರು. ಚಿಕ್ಕಮ್ಮ ಅವರ ಫೋನ್ ನಂಬರ್ ತಗೊಂಡಿದ್ದಾಳೆ. ನೀರು ಇಳಿದರೆ ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು ಹೋಗುವುದು ಅಂತ ಮಾತಾಗಿದೆ. ದಾರಿ ತೋರಿಸಲು ಅವರೂ ಬರುತ್ತಾರಂತೆ.