ಮಳೆಗಾಲಕ್ಕೊಂದು ಮೂಳೆ, ಬೇಸಿಗೆಗೊಂದು ಮೂಳೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಗಿಟಾರ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರ ತುಂಬ ಬೆರಳುದ್ದದ ಕಾಗದದ ಪೊಟ್ಟಣಗಳು. ಒಂದೊಂದರೊಳಗೂ ಮೂಳೆಯಿಂದ ತೀಡಿ ಮಾಡಿದ ಒಂದು ಸಣ್ಣ ಪಟ್ಟಿ, ಹೊರಗೆ ಗಿಟಾರಿನವರ ಹೆಸರು, ‘ಮಳೆ’ ಅಥವಾ ‘ಬೇಸಿಗೆ’ ಎಂಬ ಒಂದು ಪದ, ಮತ್ತು ಮಿಲಿಮೀಟರಿನಲ್ಲಿ ಒಂದು ಅಳತೆ ಇರುತ್ತದೆ. ನಿಮ್ಮ ಅಂಗಡಿಗೆ ಗಿರಾಕಿಗಳು ಹೇಗೆ ಬರುತ್ತಾರೆ, ಜಾಹೀರಾತನ್ನು ಎಲ್ಲಿ ಕೊಡುತ್ತೀರಿ ಎಂದು ಕೇಳಿದವರಿಗೆ ನಾನು ಈ ಡಬ್ಬಿಯ ಮುಚ್ಚಳ ತೆಗೆದು ತೋರಿಸುತ್ತೇನೆ.

ಮರವು ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಹಿಗ್ಗುತ್ತದೆ, ಒಣಹವೆಯಲ್ಲಿ ಅದನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಗಿಟಾರಿನ ಮುಂಭಾಗದ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ಅಷ್ಟು ತೆಳುವಾದ ಹಲಗೆಯನ್ನು ಆರು ಉಕ್ಕಿನ ತಂತಿಗಳು ಸೇರಿ 70 ಕಿಲೋಗ್ರಾಂಗೂ ಮೀರಿದ ಬಲದಿಂದ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಗಿಟಾರ್ ತಯಾರಕರು ಶೇಕಡಾ 45ರಿಂದ 55ರ ಆರ್ದ್ರತೆಯಲ್ಲಿ ವಾದ್ಯವನ್ನು ಇಡಿ ಎನ್ನುತ್ತಾರೆ. ನನ್ನ ಅಂಗಡಿಯ ಗೋಡೆಯ ಮೇಲಿರುವ ಮಾಪಕವು ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ 30ಕ್ಕಿಂತ ಕೆಳಗಿಳಿಯುತ್ತದೆ, ಜುಲೈ ತಿಂಗಳಲ್ಲಿ ಜಡಿಮಳೆ ಹಿಡಿದ ದಿನ 80 ದಾಟುತ್ತದೆ. ಹೀಗಾಗಿ ಮಳೆಗಾಲದಲ್ಲಿ ಹಲಗೆ ಉಬ್ಬಿ, ಅದರ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಮೇಲಕ್ಕೇರಿ, ತಂತಿಗಳು ಕೆಳಗಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಂದ ದೂರವಾಗುತ್ತವೆ. ಒತ್ತಿದರೆ ಬೆರಳು ನೋಯುತ್ತದೆ. ಬೇಸಿಗೆಯಲ್ಲಿ ಅದೇ ಹಲಗೆ ಒಣಗಿ ತಗ್ಗಿ, ತಂತಿಯು ಫ್ರೆಟ್‌ಗೆ ತಾಗಿ ಜಿರ್ರೆನ್ನುತ್ತದೆ. ಫ್ರೆಟ್‌ಗಳು ಕೂತಿರುವ ಬೀಟೆ ಮರದ ಫಿಂಗರ್‌ಬೋರ್ಡ್ ಅಡ್ಡಗಲಕ್ಕೆ ಕುಗ್ಗುವುದರಿಂದ, ಕುಗ್ಗಲಾರದ ಲೋಹದ ಫ್ರೆಟ್‌ಗಳ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಗೆ ಗರಗಸದ ಹಲ್ಲಿನಂತೆ ಸಿಗುತ್ತವೆ. ಪ್ಲೈವುಡ್ಡಿನ ಅಗ್ಗದ ಗಿಟಾರುಗಳಲ್ಲಿ ಈ ಏರಿಳಿತ ಕಡಿಮೆ. ಒಂದೇ ಮರದ ಹಲಗೆಯುಳ್ಳ ಒಳ್ಳೆಯ ಗಿಟಾರುಗಳಲ್ಲಿಯೇ ಹೆಚ್ಚು. ಕೆಟ್ಟುಹೋಗಿದೆ ಎಂದು ನನ್ನಲ್ಲಿಗೆ ಬರುವ ಬಹಳಷ್ಟು ಗಿಟಾರುಗಳಲ್ಲಿ ಏನೂ ಕೆಟ್ಟಿರುವುದಿಲ್ಲ, ಋತು ಬದಲಾಗಿರುತ್ತದೆ ಅಷ್ಟೆ.

ಇದನ್ನು ನಾನು ಓದಿ ತಿಳಿದಿದ್ದೆ, ಆದರೆ ಕೆಲಸದಲ್ಲಿ ಪಾಲಿಸಿರಲಿಲ್ಲ. ಅಂಗಡಿ ತೆರೆದ ಮೊದಲ ವರ್ಷದ ಜುಲೈನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತನ್ನ ಗಿಟಾರನ್ನು ತಂದಳು. ಹನ್ನೆರಡನೆಯ ಫ್ರೆಟ್‌ನ ಹತ್ತಿರ, ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯ ಎತ್ತರವನ್ನು ಅಳೆದಾಗ 3.5 ಮಿಲಿಮೀಟರ್ ಇತ್ತು. ಇರಬೇಕಾದದ್ದು ಸುಮಾರು 2.5. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡುವೆ ಬರುವುದರಿಂದ, ಅಲ್ಲಿ 1 ಮಿಲಿಮೀಟರ್ ತಗ್ಗಬೇಕಾದರೆ ತಂತಿಯ ಕೊನೆಯಲ್ಲಿ ಬ್ರಿಡ್ಜಿನ ಮೇಲೆ ಕೂರುವ ಮೂಳೆಯ ಪಟ್ಟಿಯನ್ನು, ಅಂದರೆ ಸ್ಯಾಡಲ್ಲನ್ನು, 2 ಮಿಲಿಮೀಟರ್ ಸವೆಸಬೇಕು. ಮರಳುಕಾಗದವನ್ನು ಗಾಜಿನ ಮೇಲೆ ಹಾಸಿ, ಸ್ಯಾಡಲ್ಲಿನ ತಳವನ್ನು ಎರಡು ಮಿಲಿಮೀಟರ್ ಉಜ್ಜಿ ಕೂರಿಸಿಕೊಟ್ಟೆ. ಅವಳಿಗೆ ತುಂಬ ಸಂತೋಷವಾಯಿತು. ಮಾರ್ಚ್ ಕೊನೆಯಲ್ಲಿ, ಈಸ್ಟರಿಗೆ ಚರ್ಚಿನಲ್ಲಿ ನುಡಿಸಲು ಹತ್ತೇ ದಿನವಿರುವಾಗ, ಅವಳು ಅದೇ ಗಿಟಾರನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಲಗೆ ತಗ್ಗಿತ್ತು, ದಪ್ಪನೆಯ ಮೂರೂ ತಂತಿಗಳು ಎಲ್ಲಿ ಒತ್ತಿದರೂ ಜಿರುಗುಟ್ಟುತ್ತಿದ್ದವು. ಉಜ್ಜಿ ತೆಗೆದ ಮೂಳೆಯನ್ನು ಮತ್ತೆ ಸೇರಿಸಲು ಬರುವುದಿಲ್ಲ. ಮಳೆಗಾಲದ ಒಂದು ದಿನದ ಸ್ಥಿತಿಯನ್ನು ಆ ಗಿಟಾರಿನ ಶಾಶ್ವತ ಸ್ಥಿತಿಯೆಂದು ತಿಳಿದು ನಾನು ಕೈ ಹಾಕಿದ್ದೆ. ತೆಗೆದುಕೊಂಡಿದ್ದ ಹಣವನ್ನು ಹಿಂದಿರುಗಿಸಿ, ಎತ್ತರದ ಹೊಸ ಸ್ಯಾಡಲ್ ಮಾಡಿ ಹಾಕಿಕೊಟ್ಟೆ. ತಗ್ಗಿನ ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಕಾಗದದಲ್ಲಿ ಸುತ್ತಿ, ಮೇಲೆ ಅವಳ ಹೆಸರು ಬರೆದು ಡಬ್ಬಿಯಲ್ಲಿಟ್ಟೆ. ಮಳೆ ಹಿಡಿದ ಮೇಲೆ ಅದನ್ನೇ ಮತ್ತೆ ಹಾಕಿದಾಗ ಗಿಟಾರ್ ಸರಿಯಾಗಿ ನುಡಿಯಿತು.

ಅಂದಿನಿಂದ ಒಂದೇ ಮರದ ಹಲಗೆಯ ಗಿಟಾರು ಬಂದರೆ ಎರಡು ಸ್ಯಾಡಲ್ ಮಾಡುತ್ತೇನೆ: ಮಳೆಗಾಲಕ್ಕೆ ತಗ್ಗಿನದು, ಬೇಸಿಗೆಗೆ ಎತ್ತರದ್ದು. ಇದು ನನ್ನ ಆವಿಷ್ಕಾರವಲ್ಲ, ಹವೆಯ ಏರಿಳಿತ ಹೆಚ್ಚಿರುವ ಊರುಗಳ ರಿಪೇರಿಗಾರರಿಗೆ ಗೊತ್ತಿರುವ ಪದ್ಧತಿ. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೂಳೆ ಎಂದರೆ ಹೆಚ್ಚಾಗಿ ದನದ ಅಥವಾ ಎಮ್ಮೆಯ ಮೂಳೆ, ನಮ್ಮೂರಿನ ಅನೇಕ ಮನೆಗಳಲ್ಲಿ ಗಿಟಾರನ್ನೂ ದೇವರ ಮನೆಯ ಪಕ್ಕದಲ್ಲಿಡುತ್ತಾರೆ, ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಆದ್ದರಿಂದ ಕೇಳದೆ ಮೂಳೆ ಹಾಕುವುದಿಲ್ಲ. ಬೇಡವೆಂದವರಿಗೆ ಕೃತಕ ವಸ್ತುವಿನ ಸ್ಯಾಡಲ್ ಹಾಕುತ್ತೇನೆ. ನಾದದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಅದು ಕೊರತೆಯಲ್ಲ.

ಹೊಸ ಗಿರಾಕಿಗೆ ‘ಸೆಟಪ್’ (ವಾದ್ಯವನ್ನು ಅಳೆದು ಹೊಂದಿಸುವ ಕೆಲಸ) ಎಂದರೆ ಏನೆಂದು ತಿಳಿಸುವುದು ಮೊದಮೊದಲು ಕಷ್ಟವಾಗುತ್ತಿತ್ತು. ಮುರಿಯದ ವಾದ್ಯಕ್ಕೆ ಯಾಕೆ ಹಣ ಕೊಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಉತ್ತರ ನನಗೆ ವೀಣೆಯಿಂದ ಸಿಕ್ಕಿತು. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಣ ಹಳತಾಗಿ ಸ್ಥಾನ ಜರುಗಿದಾಗ ಅವುಗಳನ್ನು ಮತ್ತೆ ಸರಿಯಾಗಿ ಕೂರಿಸಿ ಮೇಳ ಹಾಕಿಸಬೇಕೆಂಬುದು ಮೈಸೂರಿನಲ್ಲಿ ವೀಣೆ ಇರುವ ಮನೆಯ ಹಿರಿಯರಿಗೆಲ್ಲ ಗೊತ್ತು. ಗಿಟಾರಿನ ಫ್ರೆಟ್‌ಗಳನ್ನು ಮರದ ಸೀಳುಗಳಿಗೆ ಹೊಡೆದು ಕೂರಿಸಿರುವುದರಿಂದ ಅವು ಜರುಗುವುದಿಲ್ಲ, ಜರುಗುವುದು ಸುತ್ತಲಿನ ಮರ. ‘ವೀಣೆಗೆ ಮೇಳ ಹಾಕಿಸಿದ ಹಾಗೆ’ ಎಂದೊಡನೆ, ಮಗನ ಜೊತೆ ಬಂದು ಅದುವರೆಗೆ ಸುಮ್ಮನೆ ಕೂತಿದ್ದ ತಾಯಿಯ ಮುಖ ಅರಳುತ್ತದೆ. ವೀಣೆಯಲ್ಲಿ ತಂತಿಯನ್ನು ಹೊರುವ ಭಾಗಕ್ಕೆ ಕುದುರೆ ಎನ್ನುತ್ತೇವೆ, ಗಿಟಾರಿನಲ್ಲಿ ಅದಕ್ಕೆ ಬ್ರಿಡ್ಜ್ ಎನ್ನುತ್ತಾರೆ; ಅದರ ಮೇಲೆ ಕೂರುವ ಮೂಳೆಯ ಹೆಸರೇ ಜೀನು, ಸ್ಯಾಡಲ್. ಹೆಸರುಗಳು ಹೀಗೆ ತಾವಾಗಿಯೇ ಹೊಂದಿಕೊಳ್ಳುವುದನ್ನು ಹೇಳುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಪ್ರಚಾರದ ಬಗ್ಗೆ ಹೇಳುವುದಾದರೆ, ಆರಂಭದಲ್ಲಿ ದಿನಪತ್ರಿಕೆಗಳ ನಡುವೆ 2,000 ಕರಪತ್ರಗಳನ್ನು ಇರಿಸಿ ಹಂಚಿಸಿದ್ದೆ, ಬಂದವರು ನಾಲ್ವರು. ಮೊಬೈಲಿನ ನಕ್ಷೆಯಲ್ಲಿ ಅಂಗಡಿಯ ಗುರುತು ಹಾಕಿದ್ದರಿಂದ ದಾರಿ ಕಂಡುಕೊಳ್ಳಲು ಅನುಕೂಲವಾಯಿತು. ನಿಜವಾಗಿ ಕೆಲಸ ತಂದದ್ದು ಗಿಟಾರಿನ ಚೀಲದಲ್ಲಿ ನಾನು ಇಟ್ಟು ಕಳುಹಿಸುವ ಒಂದು ರಟ್ಟಿನ ಚೀಟಿ. ಅದರಲ್ಲಿ ದಿನಾಂಕ, ಅಂದಿನ ಆರ್ದ್ರತೆ, ತಂತಿಯ ಎತ್ತರ, ನೆಕ್ಕಿನ (ಫಿಂಗರ್‌ಬೋರ್ಡ್ ಇರುವ ಉದ್ದನೆಯ ಹಿಡಿಯ) ಬಾಗು, ಹಾಕಿದ ತಂತಿಯ ಗಾತ್ರ, ಇಷ್ಟನ್ನೇ ಕೈಯಲ್ಲಿ ಬರೆದಿರುತ್ತೇನೆ. ಮನೆಯಲ್ಲಿಯೇ ನೋಡಿಕೊಳ್ಳುವ ಒಂದು ವಿಧಾನವನ್ನೂ ಹಿಂಬದಿಯಲ್ಲಿ ಬರೆದಿದ್ದೇನೆ: ಆರನೆಯ ತಂತಿಯನ್ನು ಮೊದಲನೆಯ ಮತ್ತು ಹದಿನಾಲ್ಕನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿಹಿಡಿದು, ನಡುವೆ ಏಳನೆಯ ಫ್ರೆಟ್‌ನ ಮೇಲೆ ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇದ್ದರೆ ನೆಕ್ ಸರಿಯಿದೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ನೆಕ್ಕಿನೊಳಗಿರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ತಿರುಗಿಸಬೇಕಾಗುತ್ತದೆ. ಟ್ರಸ್ ರಾಡ್ ಇರುವುದು ನೆಕ್ಕಿನ ಬಾಗನ್ನು ಸರಿಪಡಿಸಲು. ತಂತಿ ಎತ್ತರವಾಗಿದೆಯೆಂದು ಅದನ್ನೇ ಬಿಗಿಯುತ್ತಾ ಹೋಗಿ, ನೆಕ್ ಹಿಂದಕ್ಕೆ ಬಾಗಿ ಬಂದ ಗಿಟಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಈ ಚೀಟಿಯನ್ನು ಹಾಸ್ಟೆಲ್ಲಿನ ಗೆಳೆಯರು ನೋಡುತ್ತಾರೆ, ತಮ್ಮ ಗಿಟಾರಿನಲ್ಲಿ ಅಳೆದು ನೋಡುತ್ತಾರೆ, ಆಮೇಲೆ ಬರುತ್ತಾರೆ.

ವರ್ಷಕ್ಕೆ ಎರಡು ಸಲ, ಮಾರ್ಚ್ ಮೊದಲ ವಾರ ಮತ್ತು ಜುಲೈ ಮೊದಲ ವಾರ, ಹಳೆಯ ಗಿರಾಕಿಗಳಿಗೆಲ್ಲ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳುಹಿಸುತ್ತೇನೆ. ಅದರಲ್ಲಿ ರಿಯಾಯಿತಿಯ ಮಾತಿರುವುದಿಲ್ಲ. ಹವೆ ಬದಲಾಗಿದೆ, ಚೀಟಿ ತನ್ನಿ, ಅಳೆದು ಹೇಳುತ್ತೇನೆ, ಅಳೆಯುವುದಕ್ಕೆ ಹಣವಿಲ್ಲ ಎಂದಷ್ಟೇ ಇರುತ್ತದೆ. ಅಳೆಯಲು ಹತ್ತು ನಿಮಿಷ ಸಾಕು. ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಗಿಟಾರು ಹೊತ್ತು ಬರುವವರಿಗೆ, ಸಾಧ್ಯವಾದಲ್ಲೆಲ್ಲ ಅದೇ ಸಂಜೆ ಮುಗಿಸಿಕೊಡುತ್ತೇನೆ, ಏಕೆಂದರೆ ಎರಡನೆಯ ಸಲ ಓಡಾಡುವ ಖರ್ಚು ಅವರಿಗೆ ತಪ್ಪುತ್ತದೆ.

ಒಬ್ಬ ಗಿಟಾರ್ ಶಿಕ್ಷಕರು, ತಾವು ಕಳುಹಿಸುವ ಪ್ರತಿಯೊಬ್ಬ ವಿದ್ಯಾರ್ಥಿಯ ಬಿಲ್ಲಿನಲ್ಲಿ ಪಾಲು ಕೇಳಿದ್ದರು. ಒಪ್ಪಿದ್ದರೆ ಆ ಹಣವನ್ನು ವಿದ್ಯಾರ್ಥಿಯಿಂದಲೇ ವಸೂಲು ಮಾಡಬೇಕಿತ್ತು. ಒಪ್ಪಲಿಲ್ಲ, ಅವರು ಕಳುಹಿಸುವುದನ್ನು ನಿಲ್ಲಿಸಿದರು. ಆ ವರ್ಷ ನಷ್ಟವಾದದ್ದು ನಿಜ. ಅದೇ ರೀತಿ, ನೈಲಾನ್ ತಂತಿಯ ಗಿಟಾರಿಗೆ ಉಕ್ಕಿನ ತಂತಿ ಹಾಕಿದ್ದರಿಂದ ಬ್ರಿಡ್ಜ್ ಕಿತ್ತುಬಂದು, ಹಲಗೆಯೂ ಸೀಳಿದ ಅಗ್ಗದ ವಾದ್ಯವನ್ನು ತಂದವರಿಗೆ, ರಿಪೇರಿಯ ಖರ್ಚು ಗಿಟಾರಿನ ಬೆಲೆಯನ್ನು ಮೀರುತ್ತದೆ, ಮಾಡಿಸಬೇಡಿ ಎಂದು ಹೇಳಿ ಕಳುಹಿಸುತ್ತೇನೆ. ಅದು ತಾತ ಕೊಡಿಸಿದ್ದು ಎಂದರೆ ಮಾತ್ರ ವಿಷಯ ಬೇರೆ. ಆಗ ಕೂಲಿಯ ಲೆಕ್ಕವನ್ನು ಬದಿಗಿಟ್ಟು ಅಂಟು ಕಾಯಿಸುತ್ತೇನೆ.

ಈ ಮಾರ್ಚ್‌ನಲ್ಲಿ ಸಂದೇಶ ಕಳುಹಿಸುವ ಮೊದಲು ಡಬ್ಬಿಯನ್ನು ಖಾಲಿ ಮಾಡಿ ಎಣಿಸಿದೆ. 63 ಪೊಟ್ಟಣಗಳಿದ್ದವು. ಮೊದಲನೆಯ ಪೊಟ್ಟಣದ ಆ ವಿದ್ಯಾರ್ಥಿನಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಬರಲು ಬಿಡುವಿಲ್ಲ ಎಂದು ಉತ್ತರ ಬರೆದಳು. ಅವಳ ಬೇಸಿಗೆಯ ಸ್ಯಾಡಲ್ಲನ್ನು ಹತ್ತಿಯಲ್ಲಿ ಸುತ್ತಿ, ತಂತಿಗಳನ್ನು ಎಷ್ಟು ಸಡಿಲಿಸಬೇಕು, ಯಾವ ಬದಿ ದಪ್ಪ ತಂತಿಯ ಕಡೆಗೆ ಬರಬೇಕು ಎಂಬುದನ್ನು ಪೆನ್ಸಿಲಿನಲ್ಲಿ ಚಿತ್ರ ಬರೆದು, ಅಂಚೆಯಲ್ಲಿ ಕಳುಹಿಸಿದೆ. ನಾಲ್ಕು ದಿನಗಳ ನಂತರ ಅವಳು ನುಡಿಸಿ ಮುದ್ರಿಸಿದ ಅರ್ಧ ನಿಮಿಷದ ಧ್ವನಿ ಬಂತು. ಆರನೆಯ ತಂತಿಯನ್ನು ಮಾತ್ರ ಗಮನವಿಟ್ಟು ಎರಡು ಸಲ ಕೇಳಿದೆ, ಎಲ್ಲಿಯೂ ಜಿರುಗುಟ್ಟುತ್ತಿರಲಿಲ್ಲ.