ಚಾರ್ಮಾಡಿ ಇಳಿಯುವ ದಿನಕ್ಕೆ ಕಾಲು ಹದಮಾಡುವುದು

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡಬೇಕೆಂದಿರುವ ಅರವತ್ತು ದಾಟಿದವರು ಮೊದಲು ಕೇಳುವುದು, ದಿನಕ್ಕೆ ನಲವತ್ತು ಕಿಲೋಮೀಟರ್ ನಮ್ಮ ಕೈಲಾಗುತ್ತದೆಯೇ ಅಂತ. ಬೆಂಗಳೂರಿನಿಂದ ಸುಮಾರು 300 ಕಿ.ಮೀ., ಏಳೆಂಟು ದಿನ. ಲೆಕ್ಕ ನೋಡಿದರೆ ಆ ಭಯ ಸಹಜ. ಆದರೆ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ ಅಂತ ಸಾಗುವ ದಾರಿಯಲ್ಲಿ ಹೇಳಿಕೊಳ್ಳುವಂಥ ಏರಿಳಿತವಿಲ್ಲ. ನಿಧಾನಕ್ಕೆ ತಯಾರಾದವರು ಬೇಲೂರು, ಮೂಡಿಗೆರೆವರೆಗೂ ಹೇಗೋ ಬಂದುಬಿಡುತ್ತಾರೆ. ವಯಸ್ಸಾದ ಮಂಡಿಗೆ ಪರೀಕ್ಷೆ ಇರುವುದು ಕೊಟ್ಟಿಗೆಹಾರ ದಾಟಿದ ಮೇಲೆ. ಅಲ್ಲಿಂದ ಚಾರ್ಮಾಡಿ ಘಾಟಿ ಸುಮಾರು 700 ಮೀಟರ್ ಕೆಳಗಿಳಿಯುತ್ತದೆ. ಅದೂ ಐದಾರು ದಿನ ನಡೆದು ಸೋತ ಕಾಲಿನಲ್ಲಿ ಇಳಿಯಬೇಕು. ಹಾಗಾಗಿ ತಯಾರಿ ಶುರುವಾಗಬೇಕಾದದ್ದು ಆ ಒಂದು ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು.

ಏರುವಾಗ ಉಸಿರು ಹತ್ತುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ಉಸಿರು ಹತ್ತುವುದೇ ಇಲ್ಲ, ಅದಕ್ಕೇ ಮೋಸ ಹೋಗುತ್ತೇವೆ. ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಆ ಕೆಲಸ ಅಭ್ಯಾಸವಿಲ್ಲದಿದ್ದರೆ ಸ್ನಾಯುವಿನ ಎಳೆಗಳು ಸಣ್ಣದಾಗಿ ಹರಿಯುತ್ತವೆ. ನೋವು ಅಂದೇ ಕಾಣುವುದಿಲ್ಲ, ಒಂದೆರಡು ದಿನ ಬಿಟ್ಟು ಏರುತ್ತದೆ. ತೊಡೆ ಸೋತ ಮೇಲೆ ಭಾರವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಒಂದು ಒಳ್ಳೆಯ ಸಂಗತಿ ಎಂದರೆ, ಹೀಗೆ ಒಮ್ಮೆ ನೊಂದು ವಾಸಿಯಾದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಇಳಿಯುವ ಅಭ್ಯಾಸದ ಗುಟ್ಟೇ ಇದು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇವೆ, ಬೆಂಗಳೂರಿನವರಿಗೆ ಸುಲ್ತಾನಪೇಟೆ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲು. ಬಹಳ ಜನ ನಡೆದು ಹತ್ತಿ, ಬಸ್ಸಿನಲ್ಲಿ ಇಳಿಯುತ್ತಾರೆ. ಈ ಯಾತ್ರೆಗೆ ಬೇಕಾದದ್ದು ಅದರ ತಿರುಗುಮುರುಗು. ಬೆಟ್ಟ ಹತ್ತಿರವಿಲ್ಲದವರಿಗೆ ಮೂರು ಮಹಡಿಯ ಕಟ್ಟಡ ಸಾಕು. ಒಂದು ಮಹಡಿ ಸುಮಾರು ಮೂರು ಮೀಟರ್ ಅಂದುಕೊಂಡರೆ ಹತ್ತು ಸಲ ಇಳಿಯುವಷ್ಟರಲ್ಲಿ 90 ಮೀಟರ್ ಆಯಿತು. ಲಿಫ್ಟ್ ಇದ್ದರೆ ಹತ್ತುವುದಕ್ಕೆ ಬಳಸಿ, ಇಳಿಯುವುದು ಮಾತ್ರ ಕಾಲಲ್ಲೇ. ಕಂಬಿ ಹಿಡಿದೇ ಇಳಿಯಿರಿ. ವಾರಕ್ಕೆ ಒಂದು ಸಲ ಸಾಕು. ಕೊನೆಯ ದೊಡ್ಡ ಇಳಿತದ ಅಭ್ಯಾಸ ಹೊರಡುವುದಕ್ಕೆ ಹತ್ತು ದಿನ ಮೊದಲೇ ಮುಗಿದಿರಲಿ.

ದೀಪಾವಳಿಯ ಅಮಾವಾಸ್ಯೆಯಿಂದ ಶಿವರಾತ್ರಿಗೆ ಹತ್ತಿರ ಹತ್ತಿರ ನಾಲ್ಕು ಚಾಂದ್ರಮಾಸ. ನಡಿಗೆಯ ವಾರವನ್ನು ಕಳೆದರೆ ಹದಿನೈದು ಹದಿನಾರು ವಾರ ಸಿಗುತ್ತದೆ. ದೀಪಾವಳಿಗೆ ಶುರುಮಾಡಿದರೆ ಸರಿಹೋಗುತ್ತದೆ, ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದರೆ ತಡವಾಯಿತು. ಮೊದಲ ಎರಡು ವಾರ ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕೈದು ಕಿ.ಮೀ. ಆಮೇಲೆ ಭಾನುವಾರದ ನಡಿಗೆಯನ್ನು ಮಾತ್ರ ವಾರಕ್ಕೆ ಒಂದೆರಡು ಕಿ.ಮೀ. ಹೆಚ್ಚಿಸುತ್ತ ಹೋಗಿ. ಪ್ರತಿ ನಾಲ್ಕನೇ ವಾರ ದೂರವನ್ನು ಮೂರನೇ ಒಂದು ಪಾಲು ಇಳಿಸಿ. ಈ ಇಳಿಸುವ ವಾರವನ್ನೇ ಜನ ಬಿಟ್ಟುಬಿಡುವುದು. ಮೂರ್ನಾಲ್ಕು ವಾರಕ್ಕೆ ಉಸಿರು ಪಳಗಿ ಉತ್ಸಾಹ ಬರುತ್ತದೆ, ಆದರೆ ಸ್ನಾಯುರಜ್ಜು ಹದಕ್ಕೆ ಬರಲು ತಿಂಗಳುಗಳೇ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಐದಾರನೇ ವಾರದಲ್ಲಿ ಹಿಮ್ಮಡಿ ನೋವು ಕಾಣಿಸಿಕೊಳ್ಳುವುದು ಈ ಅಂತರದಿಂದಲೇ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ದೂರ ಅರ್ಧ ಮಾಡಿ, ಮೀನಖಂಡವನ್ನು ಗೋಡೆಗೆ ಒರಗಿ ಹಿಗ್ಗಿಸಿ. ಸಹಿಸಿಕೊಂಡು ನಡೆದರೆ ಅದು ವಾಸಿಯಾಗುವುದಿಲ್ಲ.

ಹತ್ತನೇ ವಾರದಿಂದ ಬೆನ್ನುಬೆನ್ನಿಗೆ ಎರಡು ದಿನ ನಡೆಯುವುದು ಮುಖ್ಯ. ಒಂದೇ ದಿನ 35 ಕಿ.ಮೀ. ನಡೆದು ತೋರಿಸುವುದಕ್ಕಿಂತ ಶನಿವಾರ 18, ಭಾನುವಾರ 20 ನಡೆದವರು ಹೆಚ್ಚು ತಯಾರಾದವರು. ಪಾದಯಾತ್ರೆಯ ಕಷ್ಟವೆಲ್ಲ ಎರಡನೇ ದಿನದ ಬೆಳಿಗ್ಗೆಯಲ್ಲಿದೆ, ಊದಿದ ಪಾದ ಅದೇ ಶೂಗೆ ಹೋಗುತ್ತದೋ ಇಲ್ಲವೋ ಎಂಬಲ್ಲಿ. ತಂಡಗಳು ಬೆಳಗಿನ ಜಾವ ಮೂರಕ್ಕೆ ಹೊರಟು ಬಿಸಿಲೇರುವ ಮುಂಚೆ ನಿಲ್ಲುತ್ತವೆ, ಸಂಜೆ ಮತ್ತೆ ಹೊರಡುತ್ತವೆ. ಅಭ್ಯಾಸವೂ ಅದೇ ಹೊತ್ತಿಗಾಗಲಿ. ಮೂರು ಗಂಟೆಗೆ ಹೊಟ್ಟೆ ಸ್ವಚ್ಛವಾಗುವುದೂ ಒಂದು ಅಭ್ಯಾಸವೇ.

ಶೂ ಸಂಜೆ ಹೊತ್ತು ಕೊಳ್ಳಿ, ಪಾದ ಆಗ ಊದಿರುತ್ತದೆ. ಮಾಮೂಲಿಗಿಂತ ಅರ್ಧ ಅಥವಾ ಒಂದು ಸೈಜ್ ದೊಡ್ಡದಿರಲಿ, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಬಿಟ್ಟಿರಲಿ. ಹೊಸ ಶೂನಲ್ಲಿ ನೂರು ಕಿ.ಮೀ. ಆದರೂ ನಡೆದು ಪಳಗಿಸಬೇಕು. ಹತ್ತಿ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ. ನೈಲಾನ್ ಬೆರೆತದ್ದು ಅಥವಾ ತೆಳು ಉಣ್ಣೆಯದು ವಾಸಿ. ಉರಿ ಶುರುವಾದ ಕೂಡಲೇ ನಿಂತು ಅಲ್ಲಿಗೆ ಪೇಪರ್ ಟೇಪ್ ಹಚ್ಚಿ. ಮುಂದಿನ ಊರಿನಲ್ಲಿ ನೋಡೋಣ ಎಂದರೆ ಅಷ್ಟರಲ್ಲಿ ಬೊಬ್ಬೆ ಎದ್ದಿರುತ್ತದೆ. ಸಣ್ಣ ಬೊಬ್ಬೆ ಒಡೆಯಬೇಡಿ. ದೊಡ್ಡದಾಗಿ ಕಾಲೂರಲು ಬಿಡದಿದ್ದರೆ ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಹಾಗೇ ಬಿಟ್ಟು ಪಟ್ಟಿ ಕಟ್ಟಿ. ದಾರ ಪೋಣಿಸಿ ಒಳಗೇ ಬಿಡುವ ರೂಢಿ ಕೆಲವರಲ್ಲಿದೆ, ದಯವಿಟ್ಟು ಬೇಡ, ಅದು ಕೀವಿಗೆ ದಾರಿ. ಸಕ್ಕರೆ ಕಾಯಿಲೆಯಿದ್ದು ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಿನ ಹರಕೆ ಹೊರಬಾರದು, ಬೊಬ್ಬೆಯನ್ನು ತಾವೇ ಚುಚ್ಚಲೂಬಾರದು. ಎದ್ದದ್ದು ತಿಳಿಯುವುದೇ ಇಲ್ಲ, ಪ್ರತಿ ನಿಲುಗಡೆಯಲ್ಲೂ ಪಾದವನ್ನು ಇನ್ನೊಬ್ಬರು ನೋಡಬೇಕು.

ಔಷಧಿಯ ಮಾತನ್ನು ತಯಾರಿಯ ಮೊದಲ ವಾರದಲ್ಲೇ ವೈದ್ಯರ ಹತ್ತಿರ ಆಡಿ. ದಿನಕ್ಕೆ ಏಳೆಂಟು ಗಂಟೆ ನಡೆದರೆ ರಕ್ತದ ಸಕ್ಕರೆ ಇಳಿಯುತ್ತದೆ, ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳ ಪ್ರಮಾಣ ಬದಲಿಸಬೇಕಾಗಬಹುದು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೇಗ ಬಳಲುತ್ತಾರೆ. ಅದರ ಮೇಲೆ ಕಾಲುನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಯಾರೋ ಪ್ರೀತಿಯಿಂದ ಕೊಟ್ಟ ನೋವಿನ ಮಾತ್ರೆಯೇ ದಾರಿಯಲ್ಲಿ ಅಪಾಯ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕರಗಿಸಿ ಗುಟುಕು ಗುಟುಕಾಗಿ ಕುಡಿಯುವುದು ಬೆವರಿಗೆ ಬದಲು, ಆದರೆ ಅದರಲ್ಲಿ ಉಪ್ಪೂ ಸಕ್ಕರೆಯೂ ಇರುವುದರಿಂದ ಬಿಪಿ, ಸಕ್ಕರೆ ಇರುವವರು ಎಷ್ಟೆಂದು ಮೊದಲೇ ಕೇಳಿಕೊಳ್ಳಲಿ. ದಾನಿಗಳ ಪೆಂಡಾಲಿನಲ್ಲಿ ಮಜ್ಜಿಗೆ, ಪಾನಕ, ಚಿತ್ರಾನ್ನ ಧಾರಾಳವಾಗಿ ಸಿಗುತ್ತದೆ. ಮಜ್ಜಿಗೆ ಎಲ್ಲ ಕಡೆ ಕುಡಿಯಿರಿ, ಊಟ ಒಂದೇ ಕಡೆ ಮಾಡಿ.

ಇನ್ನು ಆ ದಿನ. ಕೊಟ್ಟಿಗೆಹಾರದಲ್ಲಿ ಬೆಳಗಿನ ಚಳಿ, ಎಷ್ಟೋ ಸಲ ಮಂಜು. ಪ್ರತಿಫಲಿಸುವ ಜಾಕೆಟ್ ಇಲ್ಲದೆ, ಗುಂಪು ಬಿಟ್ಟು ಘಾಟಿಗೆ ಇಳಿಯಬೇಡಿ. ರಸ್ತೆ ಕಿರಿದು, ತಿರುವು ಕುರುಡು, ಕಾಡಾನೆಯೂ ಓಡಾಡುವ ಜಾಗ. ಹೊರಡುವ ಮುಂಚೆ ಲೇಸನ್ನು ಪಾದದ ಕೀಲಿನ ಹತ್ತಿರದ ಕೊನೆಯ ತೂತಿಗೂ ಪೋಣಿಸಿ ಬಿಗಿ ಮಾಡಿ, ಬೆರಳ ಕಡೆ ಸಡಿಲ ಬಿಡಿ. ಹಿಮ್ಮಡಿ ಮುಂದೆ ಜಾರಿದರೆ ಹೆಬ್ಬೆರಳು ಶೂ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಉಗುರನ್ನು ಹೊರಡುವ ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿರಬೇಕು. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ಹೆದರಿ ಹಿಂದಕ್ಕೆ ಒರಗಿದರೆ ಹಿಮ್ಮಡಿಯೇ ಬ್ರೇಕಾಗಿ, ಪೆಟ್ಟು ನೇರ ಮಂಡಿಗೆ ಹೋಗುತ್ತದೆ. ಎರಡೂ ಕೈಗೆ ಕೋಲಿದ್ದರೆ ಮಂಡಿಯ ಹೊರೆ ಚೆನ್ನಾಗಿ ಕಡಿಮೆಯಾಗುತ್ತದೆ. ಇಳಿಜಾರಿಗೆ ಕೋಲನ್ನು ಸ್ವಲ್ಪ ಉದ್ದ ಹಿಡಿಯಬೇಕು. ರಸ್ತೆಯ ಅಂಚು ಹೊರಕ್ಕೆ ವಾಲಿರುವುದರಿಂದ ಗಂಟೆಗಟ್ಟಲೆ ಒಂದೇ ಬದಿ ನಡೆದರೆ ಒಂದು ಸೊಂಟ ಮಾತ್ರ ನೋಯುತ್ತದೆ. ಆದರೂ ಎದುರು ಬರುವ ವಾಹನ ಕಾಣುವ ಬಲಬದಿಯನ್ನು ಬಿಡಬೇಡಿ, ಸಮತಟ್ಟು ಮಣ್ಣು ಸಿಕ್ಕ ಕಡೆ ಅದರ ಮೇಲೆ ನಡೆಯಿರಿ. ಅಣ್ಣಪ್ಪನ ಗುಡಿಯ ಹತ್ತಿರ ಕೈಮುಗಿದು, ಕೂತು, ಸಾಕ್ಸ್ ಬದಲಿಸಿ.

ಘಾಟಿ ಇಳಿದೊಡನೆ ಹವೆ ಬೇರೆ. ಕರಾವಳಿಯ ತೇವಕ್ಕೆ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಬಯಲುಸೀಮೆಯ ಬಿಸಿಲಿಗೆ ಪಳಗಿದವರೂ ಚಾರ್ಮಾಡಿಯಿಂದ ಉಜಿರೆಗೆ ನಡೆಯುವಾಗ ತಲೆಸುತ್ತು ಬಂದು ಕೂರುತ್ತಾರೆ. ತಲೆಗೆ ಒದ್ದೆ ಬಟ್ಟೆ ಹಾಕಿ, ವೇಗ ಕಾಲುಭಾಗ ಇಳಿಸಿ, ಮಧ್ಯಾಹ್ನ ನಡೆಯಲೇಬೇಡಿ.

ನೇತ್ರಾವತಿಯಲ್ಲಿ ಮಿಂದ ಮೇಲೆ ಗಾಯವಿದ್ದ ಪಾದವನ್ನು ಶುದ್ಧ ನೀರಿನಲ್ಲಿ ತೊಳೆದು, ಒರೆಸಿ, ಹೊಸ ಪಟ್ಟಿ ಕಟ್ಟಿ. ಶಿವರಾತ್ರಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ದಿನಗಟ್ಟಲೆ ನಡೆದ ಕಾಲು ಒಮ್ಮೆಲೇ ನಿಂತರೆ ರಕ್ತ ಕೆಳಗೇ ಉಳಿದು ಕಣ್ಣು ಕತ್ತಲೆ ಬರುತ್ತದೆ, ಹಿಮ್ಮಡಿ ಎತ್ತಿ ಇಳಿಸುತ್ತ ಇರಿ. ಇನ್ಸುಲಿನ್ ತೆಗೆದುಕೊಳ್ಳುವವರು ಅಂದು ಉಪವಾಸ, ಜಾಗರಣೆ ಎರಡನ್ನೂ ಹೊರಬಾರದು. ಹಣ್ಣು ಹಾಲಾದರೂ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗಲಿ. ವಾಪಸ್ಸು ಬಸ್ಸಿನಲ್ಲಿ ಕಾಲು ಮಡಚಿ ಏಳೆಂಟು ಗಂಟೆ ಕೂರಬೇಕು, ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುವಂತಿದ್ದರೆ ಅದನ್ನು ನಡಿಗೆಯ ನೋವು ಅಂದುಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಿ.